ಜಮಖಂಡಿಯ ಕಿತ್ತಳೆ ಗೆರೆ, ಬೇಗಂಪೇಟೆಯ ಹುಡುಗ ಮತ್ತು ಗಾಳಿ ಕಳೆದುಕೊಳ್ಳುವ ಗ್ರಹಗಳು

ಕಳೆದ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಅವಸರವಾಗಿ ಹೇಳಿದ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಬಿಡಿಸಿದ್ದೇನೆ. ರಾಯದುರ್ಗದಲ್ಲಿ ಮೆಟ್ರೋ ಹತ್ತಿದರೆ ಬೇಗಂಪೇಟೆ ದಾಟುವಷ್ಟರಲ್ಲಿ ಓದಿ ಮುಗಿಸಬಹುದು. ಬೇಗಂಪೇಟೆಯ ಹೆಸರನ್ನು ಸುಮ್ಮನೆ ಎತ್ತಿಲ್ಲ, ಆಮೇಲೆ ಅಲ್ಲಿಗೇ ಬರ್ತೀನಿ.

ಮೊದಲು ಸ್ಕೈಲ್ಯಾಬ್ ವಿಷಯ. ಮನೆಯಲ್ಲಿ ಅಪ್ಪನನ್ನೋ ದೊಡ್ಡಪ್ಪನನ್ನೋ ಕೇಳಿ ನೋಡಿ, 1979ರ ಜುಲೈ ಅಂದರೆ ಅವರಿಗೆ ಥಟ್ಟನೆ ನೆನಪಾಗುವುದು ಅದೇ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಆಕಾಶದಿಂದ ಬೀಳ್ತದೆ, ಎಲ್ಲಿ ಬೀಳ್ತದೆ ಗೊತ್ತಿಲ್ಲ ಅಂತ ಊರೂರಲ್ಲಿ ಗುಲ್ಲೆದ್ದಿತ್ತು. ಇಲ್ಲಿ ತೆಲಂಗಾಣದಲ್ಲೂ ಅದೇ ಕತೆ. ಕರೀಂನಗರ ಸೀಮೆಯ ಒಂದು ಹಳ್ಳಿಯನ್ನಿಟ್ಟುಕೊಂಡು 2021ರಲ್ಲಿ 'ಸ್ಕೈಲ್ಯಾಬ್' ಅನ್ನೋ ತೆಲುಗು ಸಿನಿಮಾನೇ ಬಂತು, ಆಫೀಸಿನ ತೆಲುಗು ಗೆಳೆಯರು ನಿಮಗೂ ತೋರಿಸಿರಬಹುದು. ಕೊನೆಗೆ ಜುಲೈ 11ರಂದು ಅದು ಹಿಂದೂ ಮಹಾಸಾಗರದ ಮೇಲೆ ಒಡೆದು, ಉಳಿದ ಚೂರುಗಳು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿದ್ದವು.

ಎಲ್ಲರೂ ಕೇಳಿದ್ದು 'ಎಲ್ಲಿ ಬೀಳ್ತದೆ' ಅಂತ. 'ಯಾಕೆ ಬಿತ್ತು' ಅಂತ ಕೇಳಿದವರು ಕಡಿಮೆ. 1973ರಲ್ಲಿ ಹಾರಿಸಿದಾಗ ಅದು ನೆಲದಿಂದ ನಾನೂರು ಕಿಲೋಮೀಟರಿಗೂ ಎತ್ತರದಲ್ಲಿ ಸುತ್ತುತ್ತಿತ್ತು. ಮುಂದೆ ಸ್ಪೇಸ್ ಶಟಲ್ ಕಳಿಸಿ ಇನ್ನೂ ಮೇಲಕ್ಕೆ ತಳ್ಳೋಣ ಅಂತ ನಾಸಾ ಯೋಚಿಸಿತ್ತು. ಆದರೆ ಸೂರ್ಯ ಅಂದಾಜಿಗಿಂತ ಜೋರಾಗಿ ಎದ್ದುಬಿಟ್ಟ. ಅವನ ನೇರಳಾತೀತ ಕಿರಣಗಳು, ಅಲ್ಟ್ರಾವೈಲೆಟ್ ಅಂತೀವಲ್ಲ ಅವು, ಹೆಚ್ಚಾದವು. ಭೂಮಿಯ ಮೇಲ್ವಾತಾವರಣ ಕಾದು, ಒಲೆ ಮೇಲಿನ ಹಾಲಿನ ಹಾಗೆ ಉಬ್ಬಿ ಮೇಲೆ ಬಂತು. ಖಾಲಿ ಇದ್ದ ಜಾಗದಲ್ಲಿ ತೆಳು ಗಾಳಿ ತುಂಬಿತು. ಆ ಗಾಳಿಗೆ ತಿಕ್ಕಿ ತಿಕ್ಕಿ ಸ್ಕೈಲ್ಯಾಬ್ ವೇಗ ಕಳೆದುಕೊಂಡಿತು, ಕೆಳಗಿಳಿಯಿತು. ಶಟಲ್ ಇನ್ನೂ ತಯಾರೇ ಆಗಿರಲಿಲ್ಲ.

ಇವತ್ತಿನ ವಿಷಯ ಇದೇ: ನಕ್ಷತ್ರದ ನೇರಳಾತೀತ ಬೆಳಕು ಗ್ರಹದ ನೆತ್ತಿಯ ಗಾಳಿಯನ್ನು ಏನು ಮಾಡ್ತದೆ? ನಮ್ಮಲ್ಲಿ ಒಂದು ನಿಲ್ದಾಣ ಬೀಳಿಸಿತು. ಬೇರೆ ನಕ್ಷತ್ರಗಳ ಸುತ್ತ ಇರುವ ಗ್ರಹಗಳಲ್ಲಿ, ಎಕ್ಸೋಪ್ಲಾನೆಟ್ ಅಂತ ಕರೆಯುವ ಹೊರಗ್ರಹಗಳಲ್ಲಿ, ಇದೇ ಬೆಳಕು ಇಡೀ ವಾತಾವರಣವನ್ನೇ ಕಿತ್ತು ಹಾಕಬಲ್ಲದು. ಗ್ರಹಕ್ಕೆ ಗಾಳಿ ಉಳಿಯುತ್ತೋ ಇಲ್ಲವೋ, ಅಲ್ಲಿ ನೀರು, ಜೀವ ಅನ್ನೋ ಮಾತಿಗೆ ಅರ್ಥ ಇದೆಯೋ ಇಲ್ಲವೋ ಅನ್ನುವುದು ಬಹಳ ಮಟ್ಟಿಗೆ ಇದರ ಮೇಲೆ ನಿಂತಿದೆ.

ಹತ್ತು ಲಕ್ಷದಲ್ಲಿ ಮೂರ್ನಾಲ್ಕು ಪಾಲು

ಸೂರ್ಯನಿಂದ ಭೂಮಿಯ ದೂರಕ್ಕೆ ಬರುವ ಶಕ್ತಿ ಚದರ ಮೀಟರಿಗೆ ಸುಮಾರು 1361 ವಾಟ್. ಅದರಲ್ಲಿ ಅತಿ ಚುರುಕಾದ ನೇರಳಾತೀತ, ಅಂದರೆ ಸುಮಾರು 100 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳ ಪಾಲು, ಹತ್ತು ಲಕ್ಷಕ್ಕೆ ಮೂರ್ನಾಲ್ಕು ಮಾತ್ರ. ಸಂಬಳದ ಸ್ಲಿಪ್ಪಿನಲ್ಲಿ ಇಷ್ಟು ಸಣ್ಣ ಐಟಂ ಇದ್ದರೆ ನಾವ್ಯಾರೂ ತಿರುಗಿಯೂ ನೋಡಲ್ಲ.

ಆದರೆ ಈ ಪಾಲು ನೆಲದವರೆಗೆ ಬರುವುದೇ ಇಲ್ಲ. ನೂರು ಕಿಲೋಮೀಟರಿಗೂ ಮೇಲೆ, ಗಾಳಿ ತೀರಾ ತೆಳುವಾಗಿರುವಲ್ಲಿ, ಅಲ್ಲಿನ ಪರಮಾಣು ಅಣುಗಳೇ ಇದನ್ನು ಪೂರ್ತಿ ನುಂಗಿಬಿಡುತ್ತವೆ. ನುಂಗಿದಾಗ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತು ಬರುತ್ತದೆ, ಉಳಿದ ಶಕ್ತಿ ಬಿಸಿಯಾಗುತ್ತದೆ. ಬಿಸಿ ಹಂಚಿಕೊಳ್ಳಲು ಅಲ್ಲಿ ಹೆಚ್ಚು ಅಣುಗಳೇ ಇಲ್ಲ. ಹಾಗಾಗಿ ಉಷ್ಣತೆ ಸಾವಿರ ಡಿಗ್ರಿ ಆಸುಪಾಸಿಗೆ ಏರುತ್ತದೆ. ಇನ್ನೊಂದು ಮಾತು: 11 ವರ್ಷದ ಸೌರಚಕ್ರದಲ್ಲಿ ಸೂರ್ಯನ ಒಟ್ಟು ಬೆಳಕು ಸಾವಿರಕ್ಕೆ ಒಂದರಷ್ಟು ಮಾತ್ರ ಏರುಪೇರಾದರೆ, ಈ ಚುರುಕು ನೇರಳಾತೀತ ಎರಡು ಪಟ್ಟು, ಅದಕ್ಕೂ ಹೆಚ್ಚು ಏರಿಳಿಯುತ್ತದೆ. ಸ್ಕೈಲ್ಯಾಬಿಗೆ ಮುಳುವಾಗಿದ್ದು ಇದೇ.

ಈಗ ತೊಡಕು ಎಲ್ಲಿದೆ ನೋಡಿ. ಈ ಬೆಳಕು ನೆಲಕ್ಕೆ ಬರಲ್ಲ ಅಂದೆ, ಹಾಗಾದರೆ ಆಕಾಶಕ್ಕೆ ಟೆಲಿಸ್ಕೋಪ್ ಕಳಿಸೋಣ ಅಂದರೂ ಕೆಲಸ ಆಗಲ್ಲ. ನಕ್ಷತ್ರಗಳ ನಡುವೆ ಹರಡಿರುವ ಹೈಡ್ರೋಜನ್ 91.2 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳನ್ನು ದಾರಿಯಲ್ಲೇ ಹೀರಿಕೊಂಡು ಬಿಡುತ್ತದೆ. 1992ರಿಂದ 2001ರವರೆಗೆ ಇದಕ್ಕಂತಲೇ ನಾಸಾದ ಒಂದು ಉಪಗ್ರಹ ಕೆಲಸ ಮಾಡಿತು. ಸೂರ್ಯನಂಥ ತಂಪು ನಕ್ಷತ್ರಗಳ ಪೈಕಿ ಅದು ಚೆನ್ನಾಗಿ ಅಳೆದಿದ್ದು ಬೆರಳೆಣಿಕೆಯಷ್ಟು. ನಮ್ಮ ಆಸ್ಟ್ರೋಸ್ಯಾಟ್, 2015ರ ಸೆಪ್ಟೆಂಬರ್ 28ರಂದು ಹಾರಿದ್ದು, ಅದರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ತಯಾರಾದ ಒಳ್ಳೆಯ ನೇರಳಾತೀತ ಟೆಲಿಸ್ಕೋಪ್ ಇದೆ. ಅದು ನೋಡುವುದೂ 130 ನ್ಯಾನೋಮೀಟರಿನಿಂದ ಈಚೆಗೆ.

ಗ್ರಹದ ಹಣೆಬರಹ ಬರೆಯುವ ಬೆಳಕನ್ನೇ ನೋಡಲಾಗದಿದ್ದರೆ ಏನು ಮಾಡುವುದು? ನಿಮ್ಮ ಕೆಲಸದಲ್ಲಿ ಏನು ಮಾಡ್ತೀರಿ? ಡೇಟಾ ಸೆಂಟರಿನ ಒಳಗೆ ಬಿಡಲ್ಲ, ಒಳಗೆ ಮಷೀನು ಎಷ್ಟು ಕಾದಿದೆ ಗೊತ್ತಿಲ್ಲ. ಹೊರಗಿರುವ ಎಸಿ ಮೀಟರ್ ಎಷ್ಟು ಓಡ್ತಿದೆ ನೋಡಿ ಅಂದಾಜು ಮಾಡ್ತೀರಿ. ಖಗೋಳಿಗಳೂ ಅದನ್ನೇ ಮಾಡಿದರು. ಅವರಿಗೆ ಸಿಕ್ಕ ಮೀಟರುಗಳು ಎರಡು. ಒಂದು ಹೀಲಿಯಮ್ಮಿನ ಗೆರೆ, ಇನ್ನೊಂದು ಕ್ಯಾಲ್ಸಿಯಮ್ಮಿನ ಗೆರೆ. ಎರಡರ ಕತೆಗೂ ನಮ್ಮ ಕಡೆಯ ಊರುಗಳ ನಂಟಿದೆ.

ಜಮಖಂಡಿ, 18 ಆಗಸ್ಟ್ 1868

ಆ ದಿನ ಖಗ್ರಾಸ ಸೂರ್ಯಗ್ರಹಣ. ನೆರಳಿನ ಪಟ್ಟಿ ವಿಜಾಪುರದ ಕಡೆಯಿಂದ ಹಾದು ಗುಂಟೂರು, ಮಚಲೀಪಟ್ಟಣದ ಮೇಲೆ ಬಂಗಾಳ ಕೊಲ್ಲಿಗೆ ಇಳಿಯುತ್ತಿತ್ತು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಉಪಕರಣ, ಅಂದರೆ ರೋಹಿತದರ್ಶಕ, ಆಗಷ್ಟೇ ಖಗೋಳಿಗಳ ಕೈಗೆ ಬಂದಿತ್ತು. ಅದನ್ನು ಹೊತ್ತು ಯುರೋಪಿನವರು ಇಲ್ಲಿಗೆ ಬಂದರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದರು. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್. ಆಗ ಪಟವರ್ಧನರ ಸಂಸ್ಥಾನವಾಗಿದ್ದ, ಈಗ ನಮ್ಮ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್.

ಹರ್ಷೆಲ್ ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ವಾ? ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್‌ರ ಮೊಮ್ಮಗ ಇವರು. ಇಲ್ಲಿ ಭೂಮಾಪನ ಇಲಾಖೆಯಲ್ಲಿ ಎಂಜಿನಿಯರು. ಗ್ರಹಣದ ಹೊತ್ತಿಗೆ ಜಮಖಂಡಿಯ ಮೇಲೆ ಮೋಡ. ಮೋಡದ ಸಂದಿಯಲ್ಲಿ ಸಿಕ್ಕ ಸ್ವಲ್ಪ ಹೊತ್ತಿನಲ್ಲೇ, ಸೂರ್ಯನ ಅಂಚಿನಿಂದ ಎದ್ದ ಕೆಂಪು ಜ್ವಾಲೆಯ ಮೇಲೆ ಉಪಕರಣ ತಿರುಗಿಸಿದರು. ಮೂರು ಗೆರೆಗಳು ಕಂಡವು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಕೆಂಪು, ನೀಲಿ ಹೈಡ್ರೋಜನ್ನಿನವು. ಕಿತ್ತಳೆಯದು ಸೋಡಿಯಮ್ಮಿನ ಗೆರೆ ಇರಬೇಕು ಅಂದುಕೊಂಡರು, ಯಾಕಂದರೆ ಅದು ಬೀಳುವ ಜಾಗ ಹೆಚ್ಚುಕಡಿಮೆ ಅಲ್ಲೇ.

ಅದು ಸೋಡಿಯಂ ಆಗಿರಲಿಲ್ಲ. ಎರಡು ತಿಂಗಳ ಮೇಲೆ, ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಗ್ರಹಣವಿಲ್ಲದೆಯೇ ಈ ಗೆರೆಗಳನ್ನು ನೋಡುವ ಉಪಾಯ ಸಾಧಿಸಿದರು. ಜಾನ್ಸೆನ್ ಗುಂಟೂರಿನಲ್ಲಿ ಗ್ರಹಣದ ಮರುದಿನವೇ ಅದನ್ನು ಮಾಡಿದ್ದರು. ನಿಧಾನವಾಗಿ ಅಳೆದಾಗ ಆ ಗೆರೆ ಸೋಡಿಯಮ್ಮಿನ ಜಾಗದಿಂದ ಚೂರು ಸರಿದಿದೆ ಅಂತ ಗೊತ್ತಾಯಿತು. ಭೂಮಿಯ ಮೇಲೆ ಯಾರೂ ಕಾಣದ ಒಂದು ವಸ್ತು ಇರಬೇಕು ಅಂದರು. ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಅಂತ ಕರೆದರು. ಭೂಮಿಯ ಮೇಲೆ ಅದು ರ‍್ಯಾಮ್ಸೆ ಅವರ ಕೈಗೆ ಸಿಕ್ಕಿದ್ದು 1895ರಲ್ಲಿ, 27 ವರ್ಷ ತಡವಾಗಿ.

ನಮಗೆ ಇಲ್ಲಿ ಬೇಕಾದ್ದು ಇನ್ನೊಂದು ಸಂಗತಿ. ಸೂರ್ಯನ ಹೊಳೆಯುವ ಮೈ ಮೇಲೆ ಒಂದು ತೆಳುವಾದ ಕೆಂಪು ಪದರ ಇದೆ, ಗ್ರಹಣದಲ್ಲಿ ಮಾತ್ರ ಬರಿಗಣ್ಣಿಗೆ ಕಾಣ್ತದೆ. ಅದಕ್ಕೆ ಲಾಕ್ಯರ್ ಕೊಟ್ಟ ಹೆಸರು ಕ್ರೋಮೋಸ್ಫಿಯರ್, ನಮ್ಮಲ್ಲಿ ವರ್ಣಗೋಳ ಅಂತೀವಿ. ಗ್ರಹಗಳ ಗಾಳಿ ಕಾಯಿಸುವ ನೇರಳಾತೀತ ಬಹುಪಾಲು ಹುಟ್ಟುವುದು ಈ ವರ್ಣಗೋಳದಲ್ಲಿ ಮತ್ತು ಅದರ ಮೇಲಿನ ಕರೋನಾದಲ್ಲಿ. 1868ರಲ್ಲಿ ಜಮಖಂಡಿ, ಗುಂಟೂರಿನಲ್ಲಿ ನಿಂತವರು ಗೊತ್ತಿಲ್ಲದೆಯೇ ಈ ಕಾರ್ಖಾನೆಯ ಕಿಟಕಿಯೊಳಗೆ ಇಣುಕಿದ್ದರು.

ಬೇಗಂಪೇಟೆಯ ಗುಮ್ಮಟಗಳು

ಈಗ ಹೈದರಾಬಾದಿಗೆ ಬರೋಣ. 1901ರಲ್ಲಿ ನವಾಬ್ ಜಫರ್ ಜಂಗ್ ಅನ್ನುವ ಶ್ರೀಮಂತರು ತಮ್ಮ ಸ್ವಂತ ಆಸಕ್ತಿಯಿಂದ ಫಿಸಲ್‌ಬಂಡಾದಲ್ಲಿ ಒಂದು ವೀಕ್ಷಣಾಲಯ ಕಟ್ಟಿಸಿದರು. ಇಂಗ್ಲೆಂಡಿನಿಂದ 15 ಇಂಚಿನ ಗ್ರಬ್ ಟೆಲಿಸ್ಕೋಪ್ ತರಿಸಿದರು. ಅವರು ತೀರಿಕೊಂಡ ಮೇಲೆ ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡು ಬೇಗಂಪೇಟೆಗೆ ಸಾಗಿಸಿತು. ಅದೇ ನಿಜಾಮಿಯಾ ವೀಕ್ಷಣಾಲಯ.

ಬೀದರ, ಕಲಬುರಗಿ, ರಾಯಚೂರು ಕಡೆಯವರು ಇದನ್ನು ಓದ್ತಿದ್ದರೆ ಒಂದು ಮಾತು. ನಾವು ಕೆಲಸಕ್ಕೆ ಅಂತ ಹೈದರಾಬಾದಿಗೆ ಬಂದವರು, ಪರಊರು ಅಂದುಕೊಳ್ತೀವಿ. ನಮ್ಮ ಅಜ್ಜಂದಿರಿಗೆ ಇದು ರಾಜಧಾನಿ. 1956ರಲ್ಲಿ ರಾಜ್ಯ ಹಂಚಿಹೋಗುವವರೆಗೆ ಈ ವೀಕ್ಷಣಾಲಯ ನಮ್ಮ ರಾಜ್ಯದ್ದೇ ಆಗಿತ್ತು.

ಆಗ ಜಗತ್ತಿನ ವೀಕ್ಷಣಾಲಯಗಳೆಲ್ಲ ಸೇರಿ ಇಡೀ ಆಕಾಶದ ಫೋಟೋ ನಕಾಶೆ ಮಾಡುತ್ತಿದ್ದವು. ಆಕಾಶವನ್ನು ಪಟ್ಟಿಪಟ್ಟಿಯಾಗಿ ಹಂಚಿದ್ದರು. ದಕ್ಷಿಣದ 17ರಿಂದ 23 ಡಿಗ್ರಿ ಪಟ್ಟಿ ಹೈದರಾಬಾದಿನ ಪಾಲಿಗೆ ಬಂತು. ಗಾಜಿನ ಪ್ಲೇಟಿನ ಮೇಲೆ ರಾತ್ರಿ ಫೋಟೋ ತೆಗೆಯುವುದು, ಹಗಲು ಒಂದೊಂದು ಚುಕ್ಕಿಯ ಜಾಗವನ್ನೂ ಅಳೆದು ಬರೆಯುವುದು. 1917ರಿಂದ 1946ರವರೆಗೆ ಸಂಪುಟಗಳು ಹೊರಬಂದವು, ಏಳೂವರೆ ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಜಾಗ ದಾಖಲಾಯಿತು. ಕಂಪ್ಯೂಟರ್ ಇಲ್ಲದ ಕಾಲ. ಕಣ್ಣು, ಕೈ, ಲೆಡ್ಜರು ಅಷ್ಟೇ.

ಈ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಕೇರಳದ ಕಡೆಯಿಂದ ಬಂದವರು. ನಮ್ಮ ಹಾಗೇ ಕೆಲಸಕ್ಕಾಗಿ ಊರು ಬಿಟ್ಟವರು ಅನ್ನಿ. ಅವರ ಮಗ ಟೆಲಿಸ್ಕೋಪುಗಳ ನಡುವೆಯೇ ಬೆಳೆದ. ನಿಜಾಮ್ ಕಾಲೇಜಿನಲ್ಲಿ ಓದಿದ. ಓದುತ್ತಿರುವಾಗಲೇ ಹೊಳಪು ಬದಲಿಸುವ ನಕ್ಷತ್ರಗಳ ಬಗ್ಗೆ ಬರೆದು ಪ್ರಕಟಿಸಿದ. ಹೆಸರು ಮನಾಲಿ ಕಲ್ಲತ್ ವೈನು ಬಾಪು, ಹುಟ್ಟಿದ್ದು 1927ರ ಆಗಸ್ಟ್ 10ರಂದು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ 1949ರಲ್ಲಿ ಅಮೆರಿಕದ ಹಾರ್ವರ್ಡ್ ಸೇರಿದರು. ಹೋದ ವರ್ಷವೇ ತಾವು ತೆಗೆದ ಪ್ಲೇಟಿನಲ್ಲಿ ಒಂದು ಧೂಮಕೇತು ಕಂಡರು. ಬಾಪು-ಬಾಕ್-ನ್ಯೂಕರ್ಕ್ ಅಂತ ಅದಕ್ಕೆ ಹೆಸರು ಬಂತು.

ಪಿಎಚ್‌ಡಿ ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಅಲ್ಲಿ ಓಲಿನ್ ವಿಲ್ಸನ್ ಅನ್ನುವ ಖಗೋಳಿ ಬಹಳ ವರ್ಷದಿಂದ ನಕ್ಷತ್ರಗಳ ರೋಹಿತ ಕೂಡಿಸಿಟ್ಟುಕೊಂಡಿದ್ದರು. ಅವರ ಕಣ್ಣಿದ್ದದ್ದು 'ಕೆ ಗೆರೆ' ಮೇಲೆ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂ 393.4 ನ್ಯಾನೋಮೀಟರಿನಲ್ಲಿ ಮಾಡುವ ಗೆರೆ ಅದು. ನೇರಳೆಯ ಕೊನೆಯಂಚು, ನೆಲದ ಮೇಲಿನ ಟೆಲಿಸ್ಕೋಪಿಗೆ ಆರಾಮಾಗಿ ಸಿಗ್ತದೆ. ಇಂಥ ಕ್ಯಾಲ್ಸಿಯಂ ವರ್ಣಗೋಳದಲ್ಲಿ ಅಷ್ಟು ಮೇಲಕ್ಕೆ ಯಾಕೆ ಕಾಣ್ತದೆ ಅನ್ನುವುದನ್ನು ನಮ್ಮ ಮೇಘನಾದ ಸಹಾ 1920ರಲ್ಲೇ ಅಯಾನೀಕರಣದ ಲೆಕ್ಕದಿಂದ ಬಿಡಿಸಿ ಹೇಳಿದ್ದರು. ನಕ್ಷತ್ರದ ಬೆಳಕಿನಲ್ಲಿ ಈ ಗೆರೆ ಅಗಲವಾಗಿ ಕಪ್ಪಗಿರುತ್ತದೆ. ಕಪ್ಪಿನ ನಟ್ಟನಡುವೆ ಒಂದು ಸಣ್ಣ ಬೆಳಕಿನ ಎಳೆ. ಆ ಎಳೆ ಬರುವುದು ವರ್ಣಗೋಳದಿಂದ.

185 ನಕ್ಷತ್ರಗಳನ್ನು ಅಳೆದು ವಿಲ್ಸನ್ ಮತ್ತು ಬಾಪು 1957ರಲ್ಲಿ ಪ್ರಕಟಿಸಿದ್ದು ಇದು: ಎಳೆ ಎಷ್ಟು ಅಗಲವೋ, ನಕ್ಷತ್ರ ನಿಜದಲ್ಲಿ ಅಷ್ಟು ಪ್ರಕಾಶಮಾನ. ಈ ಸಂಬಂಧ 15 ಮ್ಯಾಗ್ನಿಟ್ಯೂಡುಗಳ ಉದ್ದಕ್ಕೂ, ಅಂದರೆ ಪ್ರಕಾಶದಲ್ಲಿ ಹತ್ತು ಲಕ್ಷ ಪಟ್ಟು ವ್ಯತ್ಯಾಸ ಇದ್ದರೂ, ಹಿಡಿಯುತ್ತದೆ. ಇವತ್ತಿಗೂ ಇದಕ್ಕೆ ವಿಲ್ಸನ್-ಬಾಪು ಪರಿಣಾಮ ಅಂತಲೇ ಹೆಸರು.

ಇಲ್ಲಿ ಒಂದು ಎಚ್ಚರ. ಎಳೆಯ ಅಗಲ ಬೇರೆ, ಹೊಳಪು ಬೇರೆ. ಅಗಲ ನಕ್ಷತ್ರದ ಪ್ರಕಾಶ ಹೇಳ್ತದೆ. ಹೊಳಪು ಹೇಳುವುದು ವರ್ಣಗೋಳ ಎಷ್ಟು ಜೋರಾಗಿ ಕುದಿಯುತ್ತಿದೆ ಅಂತ. ನಮಗೆ ಬೇಕಾದ ಮೀಟರು ಈ ಹೊಳಪು. ವಿಲ್ಸನ್ 1966ರಲ್ಲಿ ಮೌಂಟ್ ವಿಲ್ಸನ್ನಿನಿಂದ ಅದೇ ಗೆರೆಗಳ ಹೊಳಪನ್ನು ವರ್ಷಗಟ್ಟಲೆ ಅಳೆಯತೊಡಗಿದರು. 1978ರ ಹೊತ್ತಿಗೆ, ಸೂರ್ಯನಿಗೆ 11 ವರ್ಷದ ಚಕ್ರ ಇರುವ ಹಾಗೆ ಬೇರೆ ನಕ್ಷತ್ರಗಳಿಗೂ ಚಕ್ರಗಳಿವೆ ಅಂತ ತೋರಿಸಿದರು. 1972ರಲ್ಲಿ ಸ್ಕುಮಾನಿಚ್ ಅನ್ನುವವರು, ನಕ್ಷತ್ರಕ್ಕೆ ವಯಸ್ಸಾದಂತೆ ಈ ಹೊಳಪು ಇಳಿಯುತ್ತದೆ ಅಂತ ಲೆಕ್ಕ ಕೊಟ್ಟಿದ್ದರು: ವಯಸ್ಸು ನಾಲ್ಕು ಪಟ್ಟಾದರೆ ಹೊಳಪು ಅರ್ಧ. ಎರಡನ್ನೂ ಕೂಡಿಸಿ ನೋಡಿ. ಎಳೆಯ ನಕ್ಷತ್ರ ಎಂದರೆ ಜೋರು ವರ್ಣಗೋಳ, ಜೋರು ನೇರಳಾತೀತ. ನಮ್ಮ ಸೂರ್ಯನೂ ಬಾಲ್ಯದಲ್ಲಿ ಹೀಗೇ ಇದ್ದ.

ಬಾಪು ದೇಶಕ್ಕೆ ಮರಳಿ 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅಲ್ಲಿ 20ನೇ ಶತಮಾನದ ಆರಂಭದಿಂದ ಸೂರ್ಯನ ಫೋಟೋವನ್ನು ಇದೇ ಕೆ ಗೆರೆಯಲ್ಲಿ ದಿನದಿನವೂ ತೆಗೆದಿಡುತ್ತಾ ಬಂದಿದ್ದರು. ನಂತರ ಅದೇ ಸಂಸ್ಥೆ ಭಾರತೀಯ ಖಭೌತ ಸಂಸ್ಥೆಯಾಗಿ ಬೆಂಗಳೂರಿನ ಕೋರಮಂಗಲದಲ್ಲಿ ನೆಲೆಯಾಯಿತು. ಆ ಹಳೇ ಪ್ಲೇಟುಗಳನ್ನು ಈಗ ಡಿಜಿಟಲ್ ಮಾಡಿದ್ದಾರೆ. ಉಪಗ್ರಹಗಳೇ ಇಲ್ಲದ ಕಾಲದಲ್ಲಿ ಸೂರ್ಯನ ನೇರಳಾತೀತ ಹೇಗೆ ಏರಿಳಿಯಿತು ಅನ್ನುವುದಕ್ಕೆ ಅವು ಸಾಕ್ಷಿ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಯಾರೂ ಡಿಲೀಟ್ ಮಾಡದೆ ಉಳಿಸಿದ ನೂರು ವರ್ಷದ ಲಾಗ್ ಫೈಲು.

ಕಿಟಕಿ ಮುಚ್ಚಿದ ಮಧ್ಯಾಹ್ನ

1980ರ ಫೆಬ್ರವರಿ 16ರಂದು ಮತ್ತೆ ಖಗ್ರಾಸ ಗ್ರಹಣ ಬಂತು. ನೆರಳು ಕಾರವಾರ, ಅಂಕೋಲೆ ಕಡೆಯಿಂದ ಒಳಬಂದು ಹುಬ್ಬಳ್ಳಿ, ಗದಗ, ರಾಯಚೂರು ಹಾದು ಈ ಕಡೆ ಬಂತು. ಹೈದರಾಬಾದಿನ ಹೊರಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಜಪಾಲ್-ರಂಗಾಪುರ ವೀಕ್ಷಣಾಲಯ ಇದೆ, 48 ಇಂಚಿನ ಟೆಲಿಸ್ಕೋಪಿನದು. ಅದು ನೆರಳಿನ ಪಟ್ಟಿಯೊಳಗೇ ಬಿತ್ತು, ಅಲ್ಲಿಂದ ಗ್ರಹಣ ನೋಡಲು ವಿಜ್ಞಾನಿಗಳು ಸೇರಿದರು. ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟರು. ಕರೋನಾದ ರೋಹಿತ ತೆಗೆಯುವುದು ಅವರ ಕೆಲಸ.

ನಮ್ಮ ತಾಯಿಯ ತವರು ಅಲ್ಲಿಂದ ಬಹಳ ದೂರವಿಲ್ಲ. ಆ ಮಧ್ಯಾಹ್ನ ಅಜ್ಜಿ ಮನೆಯ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ನೀರಿನ ಕೊಡಕ್ಕೆ ದರ್ಭೆ ಹಾಕಿ, ಮಕ್ಕಳನ್ನು ಒಳಗೆ ಕೂಡಿಸಿದ್ದರಂತೆ. ಕೋಳಿಗಳು ಗೂಡು ಸೇರಿದ ಸದ್ದಷ್ಟೇ ಅಮ್ಮನಿಗೆ ನೆನಪು. ಎರಡು ಮೂರು ನಿಮಿಷ ಆ ಕೆಂಪು ಅಂಚು ಅವರ ಮನೆಯ ಮಾಳಿಗೆ ಮೇಲೇ ಇತ್ತು. ಈ ವಿಷಯ ಓದಿಕೊಂಡು ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದೇನು, ನೋಡಬೇಕಿತ್ತು" ಅಂದರು. ಅಷ್ಟೇ.

ಗಾಳಿ ಸೋರುವ ಗ್ರಹಗಳು

ಈಗ ಹೊರಗ್ರಹಗಳಿಗೆ ಹೋಗೋಣ. ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿ ಎಚ್‌ಡಿ 209458 ಅನ್ನುವ ನಕ್ಷತ್ರ ಇದೆ, ಹೆಚ್ಚುಕಡಿಮೆ ನಮ್ಮ ಸೂರ್ಯನಂಥದ್ದು. ಗುರುಗ್ರಹದಂಥ ಒಂದು ದೊಡ್ಡ ಅನಿಲಗ್ರಹ ಅದನ್ನು ಮೂರೂವರೆ ದಿನಕ್ಕೊಮ್ಮೆ ಸುತ್ತುತ್ತದೆ, ಅಷ್ಟು ಹತ್ತಿರ. 1999ರಲ್ಲಿ ಆ ಗ್ರಹ ನಕ್ಷತ್ರದ ಮುಂದೆ ಹಾಯುವುದು ಮೊದಲ ಬಾರಿಗೆ ಕಂಡಿತು. ಹಾಯುವಾಗ ನಕ್ಷತ್ರದ ಬೆಳಕು ನೂರಕ್ಕೆ ಒಂದೂವರೆಯಷ್ಟು ಮಂಕಾಗ್ತದೆ, ಅದು ಗ್ರಹದ ಗಾತ್ರ.

2003ರಲ್ಲಿ ಆಲ್ಫ್ರೆಡ್ ವಿಡಾಲ್-ಮಾಜಾರ್ ಮತ್ತು ಸಂಗಡಿಗರು ಹಬಲ್ ಟೆಲಿಸ್ಕೋಪಿನಿಂದ ಅದೇ ಹಾಯುವಿಕೆಯನ್ನು 121.6 ನ್ಯಾನೋಮೀಟರಿನ ನೇರಳಾತೀತದಲ್ಲಿ ನೋಡಿದರು. ಹೈಡ್ರೋಜನ್ನಿನ ಗೆರೆ ಅದು. ಅಲ್ಲಿ ಬೆಳಕು ನೂರಕ್ಕೆ 15ರಷ್ಟು ಕಡಿಮೆಯಾಯಿತು! ಒಂದೂವರೆ ಎಲ್ಲಿ, 15 ಎಲ್ಲಿ? ಅಂದರೆ ಗ್ರಹದ ಸುತ್ತ ಅದಕ್ಕಿಂತ ಬಹಳ ದೊಡ್ಡ ಹೈಡ್ರೋಜನ್ ಮೋಡ ಇದೆ, ಗ್ರಹದ ಗುರುತ್ವದ ಹಿಡಿತ ದಾಟಿ ಹೊರಗೆ ಹರಿಯುತ್ತಿದೆ. ಅವರ ಲೆಕ್ಕದಲ್ಲಿ ಕನಿಷ್ಠ ಅಂದರೂ ಸೆಕೆಂಡಿಗೆ 10,000 ಟನ್. ಭೂಮಿಯಿಂದ ತಪ್ಪಿಸಿಕೊಳ್ಳುವ ಹೈಡ್ರೋಜನ್ ಸೆಕೆಂಡಿಗೆ ಸುಮಾರು 3 ಕಿಲೋ.

ಹೇಗೆ ಹರಿಯುತ್ತದೆ? ಸ್ಕೈಲ್ಯಾಬ್ ಕತೆಯದ್ದೇ ಮುಂದುವರಿಕೆ. ನೇರಳಾತೀತ ನೆತ್ತಿಯ ಗಾಳಿಯನ್ನು ಕಾಯಿಸುತ್ತದೆ, ಇಲ್ಲಿ ಹತ್ತು ಸಾವಿರ ಡಿಗ್ರಿ ಆಸುಪಾಸಿಗೆ. ಗಾಳಿ ಉಬ್ಬುತ್ತದೆ. ಮೇಲೆ ಹೋದಷ್ಟೂ ಗ್ರಹದ ಸೆಳೆತ ಸಡಿಲ. ಒಂದು ಹಂತದ ಮೇಲೆ ಒಂದೊಂದೇ ಪರಮಾಣು ಜಿಗಿಯುವುದಲ್ಲ, ಇಡೀ ಗಾಳಿಯೇ ಹೊಳೆಯಂತೆ ಹೊರಕ್ಕೆ ಹರಿಯುತ್ತದೆ.

ಕ್ಯಾಲ್ಕ್ಯುಲೇಟರ್ ತೆಗೀರಿ. ಸೆಕೆಂಡಿಗೆ ಹತ್ತು ಸಾವಿರ ಟನ್ನಿನಂತೆ 500 ಕೋಟಿ ವರ್ಷ ಸುರಿದರೂ ಆ ದೈತ್ಯ ಕಳೆದುಕೊಳ್ಳುವುದು ತನ್ನ ತೂಕದ ಸಾವಿರದಲ್ಲಿ ಒಂದು ಪಾಲು. ಅದಕ್ಕೆ ಏನೂ ಆಗಲ್ಲ. ಆದರೆ ಗ್ರಹ ಚಿಕ್ಕದಾಗಿ, ಅದರ ಮೇಲೆ ತೆಳು ಹೊದಿಕೆ ಮಾತ್ರ ಇದ್ದರೆ? 2015ರಲ್ಲಿ ನೆಪ್ಚೂನ್ ಗಾತ್ರದ ಗ್ಲೀಸೆ 436 ಬಿ ಅನ್ನುವ ಗ್ರಹವನ್ನು ನೋಡಿದಾಗ ಅದೇ ಹೈಡ್ರೋಜನ್ ಗೆರೆ ನೂರಕ್ಕೆ 56ರಷ್ಟು ಮಂಕಾಯಿತು. ಗ್ರಹದ ಹಿಂದೆ ಧೂಮಕೇತುವಿನಂಥ ಬಾಲ. ಪ್ಲೇಟಿನ ಮೇಲೆ ಧೂಮಕೇತು ಹುಡುಕಿದ ಬಾಪು ಇದ್ದಿದ್ದರೆ ಖುಷಿ ಪಡ್ತಿದ್ದರೇನೋ.

2017ರಲ್ಲಿ ಇನ್ನೊಂದು ಸಂಗತಿ ಸ್ಪಷ್ಟವಾಯಿತು. ನಕ್ಷತ್ರಕ್ಕೆ ಹತ್ತಿರದ ಸಣ್ಣ ಗ್ರಹಗಳಲ್ಲಿ ಭೂಮಿಯ ಒಂದೂವರೆಯಿಂದ ಎರಡು ಪಟ್ಟು ತ್ರಿಜ್ಯದವು ಅಪರೂಪ. ಅದಕ್ಕಿಂತ ಚಿಕ್ಕವು ಧಾರಾಳ, ದೊಡ್ಡವೂ ಧಾರಾಳ, ನಡುವೆ ಖಾಲಿ. ಇದಕ್ಕೆ ಕೊಡುವ ಮುಖ್ಯ ವಿವರಣೆಗಳಲ್ಲಿ ಒಂದು ಇದೇ ನೇರಳಾತೀತ ಮತ್ತು ಎಕ್ಸ್-ಕಿರಣ: ಹೊದಿಕೆ ಕಳೆದುಕೊಂಡವು ಬರಿಗಲ್ಲಾದವು, ಉಳಿಸಿಕೊಂಡವು ಉಬ್ಬಿಕೊಂಡೇ ಇವೆ. ಗ್ರಹದ ಒಳಗಿನ ಕಾವೇ ಹೊದಿಕೆ ಕಳಚುತ್ತದೆ ಅನ್ನುವ ಇನ್ನೊಂದು ವಾದವೂ ಇದೆ, ಚರ್ಚೆ ಮುಗಿದಿಲ್ಲ.

ನೂರೈವತ್ತು ವರ್ಷದ ಮೇಲೆ ಹೀಲಿಯಂ

ಹೈಡ್ರೋಜನ್ ಗೆರೆ ನೋಡಲು ಹಬಲ್ಲೇ ಬೇಕು, ಅದೂ ಹತ್ತಿರದ ನಕ್ಷತ್ರಗಳಿಗೆ ಮಾತ್ರ. ಇಲ್ಲಿ ಮೊದಲ ಮೀಟರು, ಹೀಲಿಯಂ, ಕೈಹಿಡಿಯಿತು. 50 ನ್ಯಾನೋಮೀಟರಿಗೂ ಕಿರಿದಾದ ನೇರಳಾತೀತ ಹೀಲಿಯಂ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳುತ್ತದೆ. ಎಲೆಕ್ಟ್ರಾನ್ ವಾಪಸ್ ಸೇರುವಾಗ ಕೆಲವು ಸಲ ಒಂದು ಅರೆಬರೆ ಮೆಟ್ಟಿಲಲ್ಲಿ ಸಿಕ್ಕಿಕೊಳ್ಳುತ್ತದೆ. ತಾನಾಗಿ ಇಳಿಯಲು ಸುಮಾರು ಎರಡು ಗಂಟೆ ಬೇಕು, ಪರಮಾಣುವಿನ ಲೋಕದಲ್ಲಿ ಅದು ಯುಗ. ಹಾಗೆ ಸಿಕ್ಕಿಕೊಂಡ ಹೀಲಿಯಂ 1083 ನ್ಯಾನೋಮೀಟರಿನ ಅವಕೆಂಪು ಬೆಳಕನ್ನು ಹೀರುತ್ತದೆ. ಆ ಬೆಳಕು ನೆಲದವರೆಗೆ ಬರುತ್ತದೆ. ಕಾಣದ ನೇರಳಾತೀತದ ಕೆಲಸವನ್ನು ಕಾಣುವ ಅವಕೆಂಪಿನಲ್ಲಿ ಓದಬಹುದು ಅಂದ ಹಾಗಾಯಿತು. ಅವಕೆಂಪನ್ನು 1800ರಲ್ಲಿ ಕಂಡುಹಿಡಿದವರು ಯಾರು ಗೊತ್ತಾ? ಜಮಖಂಡಿಯ ಹರ್ಷೆಲ್‌ರ ಅಜ್ಜ ವಿಲಿಯಂ.

2018ರಲ್ಲಿ ಜೆಸಿಕಾ ಸ್ಪೇಕ್ ಮತ್ತು ಸಂಗಡಿಗರು ವಾಸ್ಪ್-107 ಬಿ ಅನ್ನುವ ಗ್ರಹದಲ್ಲಿ ಈ ಹೀಲಿಯಮ್ಮನ್ನು ಮೊದಲ ಬಾರಿಗೆ ಕಂಡರು. ಗಾತ್ರ ಹೆಚ್ಚುಕಡಿಮೆ ಗುರುವಿನದು, ತೂಕ ಅದರ ಎಂಟನೇ ಒಂದು ಪಾಲಿಗಿಂತ ಹೆಚ್ಚಿಲ್ಲ, ಹತ್ತಿ ಉಂಡೆ ಅನ್ನಿ. ಅವರು ನೋಡಿದ್ದು ಹಬಲ್ಲಿನಿಂದ. ಅದೇ ವರ್ಷ ನೆಲದ ಮೇಲಿನ ಟೆಲಿಸ್ಕೋಪುಗಳೂ ಬೇರೆ ಗ್ರಹಗಳಲ್ಲಿ ಹೀಲಿಯಂ ಕಂಡವು. 1868ರಿಂದ 2018, ಸರಿಯಾಗಿ 150 ವರ್ಷ.

ಎರಡನೇ ಮೀಟರೂ ಅಷ್ಟೇ ಕೆಲಸಕ್ಕೆ ಬಂತು. 2017ರಲ್ಲಿ ಆಲಿಸನ್ ಯಂಗ್‌ಬ್ಲಡ್ ಮತ್ತು ಸಂಗಡಿಗರು, ಗ್ರಹಗಳಿರುವ ಕೆಂಪು ಕುಬ್ಜ ನಕ್ಷತ್ರಗಳ ನೇರಳಾತೀತ ಎಷ್ಟು ಅಂತ ಕ್ಯಾಲ್ಸಿಯಂ ಕೆ ಗೆರೆಯ ಹೊಳಪಿನಿಂದ ಅಂದಾಜು ಮಾಡುವ ಸೂತ್ರಗಳನ್ನು ಪ್ರಕಟಿಸಿದರು. ಬೇಗಂಪೇಟೆಯ ಹುಡುಗ ಕಪ್ಪು ಗೆರೆಯ ನಡುವೆ ಅಳೆದ ಅದೇ ಎಳೆ.

ಕೆಂಪು ಕುಬ್ಜಗಳು ಯಾಕೆ ಮುಖ್ಯ? ಭೂಮಿಯಂಥ ಗ್ರಹಗಳು ಸುಲಭವಾಗಿ ಸಿಗುವುದು ಅವುಗಳ ಸುತ್ತ. ಆದರೆ ಅವು ಸೂರ್ಯನಷ್ಟು ಬೇಗ ಶಾಂತವಾಗುವುದಿಲ್ಲ, ಬಹಳ ಕಾಲ ಜೋರು ನೇರಳಾತೀತ ಚೆಲ್ಲುತ್ತವೆ. 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1ರ ಸುತ್ತ ಭೂಮಿ ಗಾತ್ರದ ಏಳು ಗ್ರಹಗಳಿವೆ ಅಂತ 2017ರಲ್ಲಿ ಪೇಪರುಗಳ ಮುಖಪುಟದಲ್ಲಿ ಬಂದಿತ್ತಲ್ಲ? 2023ರಲ್ಲಿ ಜೇಮ್ಸ್ ವೆಬ್ ಟೆಲಿಸ್ಕೋಪ್ ಅದರ ಒಳಗಿನ ಎರಡು ಗ್ರಹಗಳ ಬಿಸಿ ಅಳೆಯಿತು. ದಟ್ಟ ಗಾಳಿಯ ಸುಳಿವು ಸಿಗಲಿಲ್ಲ. ಹೊರಗಿನವುಗಳ ಲೆಕ್ಕ ಇನ್ನೂ ನಡೆಯುತ್ತಿದೆ.

ನಮ್ಮ ಪಕ್ಕದ ಮನೆಯ ಉದಾಹರಣೆ ಮಂಗಳ. ಅದರ ಗಾಳಿಯ ಆರ್ಗಾನ್‌ನಲ್ಲಿ ಮೂರನೇ ಎರಡು ಪಾಲು ಬಾಹ್ಯಾಕಾಶಕ್ಕೆ ಸೋರಿಹೋಗಿದೆ ಅಂತ ನಾಸಾದ ಮೇವೆನ್ ನೌಕೆ 2017ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ಮಂಗಳಯಾನದಲ್ಲೂ ಇದೇ ಹೈಡ್ರೋಜನ್ ಗೆರೆ ನೋಡುವ ಒಂದು ಪುಟ್ಟ ಉಪಕರಣ ಇತ್ತು. ಎಳೆಯ ಸೂರ್ಯನ ಕಾವಿಗೆ ಮಂಗಳ ಒಣಗಿತು, ಭೂಮಿ ಉಳಿದುಕೊಂಡಿತು. ನಾವು ಉಸಿರಾಡುವ ಗಾಳಿ ಹಾಗೆ ಉಳಿದ ಗಾಳಿ.

ಬೇಗಂಪೇಟೆಗೆ ಒಮ್ಮೆ

ಬಾಪು 1982ರ ಆಗಸ್ಟ್ 19ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು, ಆಗ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರು. ವಯಸ್ಸು 55. ಕಾವಲೂರಿನಲ್ಲಿ ಅವರು ಕನಸಿದ 2.3 ಮೀಟರಿನ ಟೆಲಿಸ್ಕೋಪಿಗೆ 1986ರಲ್ಲಿ ಅವರದೇ ಹೆಸರಿಟ್ಟರು. ಬೆಂಗಳೂರಿನಿಂದ ಕಾವಲೂರಿಗೆ ಒಂದು ದಿನದಲ್ಲಿ ಹೋಗಿ ಬರಬಹುದು.

ಬೇಗಂಪೇಟೆಯ ವೀಕ್ಷಣಾಲಯ ಕೆಲಸ ನಿಲ್ಲಿಸಿ ಬಹಳ ಕಾಲವಾಯಿತು. ಊರಿನ ದೀಪಗಳು ಸುತ್ತುವರಿದವು, ರಾತ್ರಿ ಕತ್ತಲೇ ಉಳಿಯಲಿಲ್ಲ. ಆ ಆವರಣದಲ್ಲಿ ಈಗ ಆರ್ಥಿಕ ಮತ್ತು ಸಾಮಾಜಿಕ ಅಧ್ಯಯನ ಕೇಂದ್ರ ಇದೆ, ವಿಳಾಸದಲ್ಲಿ ಮಾತ್ರ ಇನ್ನೂ ನಿಜಾಮಿಯಾ ವೀಕ್ಷಣಾಲಯದ ಹೆಸರಿದೆ. ಈ ಮಾತು ಸಿದ್ಧ ಮಾಡುವ ಮೊದಲು ಒಂದು ಶನಿವಾರ ಹೋಗಿ ಬಂದೆ. ಟ್ರಾಫಿಕ್ಕಿನ ಹಾರ್ನು, ಮರಗಳು, ಅವುಗಳ ನಡುವೆ ಮುಚ್ಚಿದ ಹಳೇ ಗುಮ್ಮಟ. ಇಲ್ಲಿ ಕೂತು ಯಾರೋ ಏಳೂವರೆ ಲಕ್ಷ ಚುಕ್ಕಿಗಳನ್ನು ಒಂದೊಂದಾಗಿ ಅಳೆದರು, ಕೆಲಸಕ್ಕೆ ಬಂದವರೊಬ್ಬರ ಮಗ ಅದನ್ನು ನೋಡ್ತಾ ಬೆಳೆದ ಅಂತ ನೆನೆಸಿಕೊಂಡರೆ ಆ ಜಾಗ ಬೇರೆಯೇ ಕಾಣ್ತದೆ. ನಿಮ್ಮ ಮಕ್ಕಳನ್ನೂ ಕರಕೊಂಡು ಹೋಗಿ, ಗೇಟಿನಲ್ಲಿ ಕೇಳಿಕೊಂಡು ಒಳಗೆ ಹೋಗಿ.

ಇನ್ನೊಂದು ಕೋರಿಕೆ. 1980ರ ಗ್ರಹಣದ ದಿನ ನಿಮ್ಮ ಮನೆಯಲ್ಲಿ ಯಾರಾದರೂ ಹೊರಗೆ ನಿಂತು ನೋಡಿದ್ದರೆ, ಅವರು ಕಂಡದ್ದನ್ನು ಅವರ ಮಾತಿನಲ್ಲೇ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಆ ಪೀಳಿಗೆ ಈಗ ವಯಸ್ಸಾಗುತ್ತಿದೆ.

ಮುಂದಿನ ವಾರ ಸಿಗೋಣ.